ಬರ್ಕಾದ ಶಾಲೆಯಲ್ಲಿ ಪಾಠ ಮಗುಚಿದ ವರ್ಷ

ನಿವೃತ್ತಿಯಾದ ಮೇಲೂ ನಾನು ಓಮಾನಿನಲ್ಲಿ, ಮಸ್ಕತ್ ಪಕ್ಕದ ಸೀಬ್‌ನಲ್ಲೇ ಇದ್ದೇನೆ. ನನ್ನ ಯಜಮಾನರಾದ ಸದಾನಂದರ ಆಫೀಸಿನ ಕೆಲಸ ಇನ್ನೂ ಮುಗಿದಿಲ್ಲ. ಊರ ಕಡೆಯಿಂದ ಇಲ್ಲಿನ ಭಾರತೀಯ ಶಾಲೆಗಳಿಗೆ ಹೊಸದಾಗಿ ಬಂದ ಟೀಚರುಗಳು ಶುಕ್ರವಾರ ಸಂಜೆ ನಮ್ಮ ಫ್ಲ್ಯಾಟಿಗೆ ಚಹಾಕ್ಕೆ ಬರುವುದುಂಟು. ಬಂಗುಡೆ ಮೀನು ಎಲ್ಲಿ ತಾಜಾ ಸಿಗುತ್ತದೆ, ಡ್ರೈವಿಂಗ್ ಲೈಸೆನ್ಸ್ ಸಿಗುವುದು ಎಷ್ಟು ಕಷ್ಟ, ಜೂನ್ ತಿಂಗಳ ಬಿಸಿಲನ್ನು ತಡೆಯುವುದು ಹೇಗೆ, ಹೀಗೆಲ್ಲ ಕೇಳುತ್ತಾರೆ. ಪಾಠ ಮಾಡುವುದು ಹೇಗೆ ಎಂದು ಇಷ್ಟರವರೆಗೆ ಯಾರೂ ಕೇಳಿಲ್ಲ. ಬಿ.ಎಡ್. ಮುಗಿಸಿ ಬಂದವರಿಗೆ ಅದರಲ್ಲಿ ಕೇಳುವುದೇನಿದೆ ಎಂಬ ಧೈರ್ಯ. ನನಗೂ ಆ ಧೈರ್ಯ ಇತ್ತು, ಇಪ್ಪತ್ತಕ್ಕೂ ಹೆಚ್ಚು ವರ್ಷ ಇತ್ತು. ಅದು ಹೋದದ್ದು ನನ್ನ ಕೆಲಸದ ಕೊನೆಯ ಎರಡು ಶಾಲಾವರ್ಷಗಳಲ್ಲಿ. ನಾನು ಶಾಲೆಗೆ ಅತ್ಯಂತ ಖುಷಿಯಿಂದ ಹೋದ ವರ್ಷಗಳೂ ಅವೇ. ಆದ್ದರಿಂದ, ಕೇಳದಿದ್ದರೂ ಹೇಳುತ್ತೇನೆ.

ನಾನು ಕಾಪುವಿನವಳು, ಹೆಸರು ವಾಸಂತಿ. ಬರ್ಕಾದ ಒಂದು ಭಾರತೀಯ ಶಾಲೆಯಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಒಂದು ಕಡೆ ಖರ್ಜೂರದ ತೋಟ, ಇನ್ನೊಂದು ಕಡೆ ಹೆದ್ದಾರಿ, ಗಾಳಿ ತಿರುಗಿದರೆ ಸಮುದ್ರದ ವಾಸನೆ. ಮಕ್ಕಳಲ್ಲಿ ಹೆಚ್ಚಿನವರು ಮಲಯಾಳಿಗಳು, ತಮಿಳರು, ನಮ್ಮ ಕರಾವಳಿಯವರು. ಮನೆಯಲ್ಲಿ ಯಾವ ಭಾಷೆಯಾದರೂ ತರಗತಿಯಲ್ಲಿ ಎಲ್ಲರೂ ಇಂಗ್ಲಿಷ್. ನನ್ನ ಪಾಠದ ಕ್ರಮ ಹೀಗಿತ್ತು: ಬೋರ್ಡಿನ ಎಡ ಮೂಲೆಯಲ್ಲಿ ಶುರು ಮಾಡಿದರೆ ಬೆಲ್ ಹೊಡೆಯುವ ಹೊತ್ತಿಗೆ ಬಲ ಮೂಲೆಯಲ್ಲಿ ಕೊನೆಯ ಸಮೀಕರಣ. ಮಕ್ಕಳು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು. ತರಗತಿ ಎಷ್ಟು ನಿಶ್ಶಬ್ದವಾಗಿರುತ್ತಿತ್ತೆಂದರೆ ಎ.ಸಿ.ಯ ಸದ್ದು ಕೇಳುತ್ತಿತ್ತು. ಆ ನಿಶ್ಶಬ್ದವನ್ನು ನಾನು ಕಲಿಕೆ ಎಂದು ತಿಳಿದುಕೊಂಡಿದ್ದೆ.

ಒಂದು ಏಪ್ರಿಲ್‌ನಲ್ಲಿ ಪುಣೆಯ ಕಡೆಯ ಹೊಸ ಪ್ರಿನ್ಸಿಪಾಲ್ ಬಂದರು. ಚಿಕ್ಕ ಗಾತ್ರದ, ಮೆಲುದನಿಯ ಹೆಂಗಸು. ಬಂದ ವಾರದಲ್ಲೇ ಹಿರಿಯ ತರಗತಿಗಳ ಟೀಚರುಗಳಿಗೆಲ್ಲ ಒಂದು ವೀಡಿಯೊ ಕಳಿಸಿ, ‘ಶನಿವಾರ ಇದರ ಮೇಲೆ ವರ್ಕ್‌ಶಾಪ್, ನೋಡಿಕೊಂಡು ಬನ್ನಿ’ ಎಂದರು. ಫ್ಲಿಪ್ಡ್ ಕ್ಲಾಸ್‌ರೂಮ್ ಎಂಬ ಮಾತನ್ನು ನಾನು ಮೊದಲು ಓದಿದ್ದು ಆ ಮೆಸೇಜಿನಲ್ಲಿ. ಓದಿದೆ, ಅಷ್ಟೆ. ವೀಡಿಯೊ ನೋಡಲಿಲ್ಲ. ಹೇಗೂ ಶನಿವಾರ ಅವರೇ ಹೇಳುತ್ತಾರಲ್ಲ ಎಂದುಕೊಂಡೆ.

ಶನಿವಾರ ಎಲ್ಲರೂ ಪೆನ್ನು ಹಿಡಿದು ಹಾಲ್‌ನಲ್ಲಿ ಕೂತೆವು. ಮೇಡಂ ಬಂದು ನೇರವಾಗಿ ಕೇಳಿದರು: “ವೀಡಿಯೊದಲ್ಲಿ ಹೇಳಿದ್ದರಲ್ಲಿ ನಿಮಗೆ ಒಪ್ಪಿಗೆಯಾಗದ ಮಾತು ಯಾವುದು?”

ಮುಂದಿನ ಸಾಲಿನವರು ತಲೆ ತಗ್ಗಿಸಿದರು. ಹಿಂದಿನ ಸಾಲಿನವರು ಮುಂದಿನ ಸಾಲಿನವರ ಬೆನ್ನಿಗೆ ಮರೆಯಾದರು. ಮೂವತ್ತು ಟೀಚರುಗಳು ಹೋಂವರ್ಕ್ ಮಾಡದ ಮಕ್ಕಳ ಹಾಗೆ ಕೂತದ್ದನ್ನು ಅವರು ನೋಡಿದರು. ಬೈಯಲಿಲ್ಲ.

“ಒಳ್ಳೆಯದೇ ಆಯಿತು. ಮುಂದಿನ ವಾರ ನಿಮ್ಮ ಮಕ್ಕಳೂ ಹೀಗೇ ನೋಡದೆ ಬಂದು ಕೂರುತ್ತಾರೆ. ಆಗ ನೀವು ಏನು ಮಾಡುತ್ತೀರಿ? ಇವತ್ತಿನ ವರ್ಕ್‌ಶಾಪ್ ಇದೇ,” ಎಂದರು.

ಇಷ್ಟು ವರ್ಷದಲ್ಲಿ ನಾನು ಕೂತ ತರಬೇತಿಗಳಲ್ಲಿ ನನಗೆ ನೆನಪಿರುವುದು ಅದೊಂದೇ. ಹಾಗಾದರೆ ಮಕ್ಕಳಿಗೆ ಶಿಕ್ಷೆ ಕೊಡಬೇಕು ಎಂದರು ಒಬ್ಬರು. ನಿಮಗೆ ಈಗ ಶಿಕ್ಷೆ ಕೊಡಲೇ ಎಂದು ಮೇಡಂ ಕೇಳಿದಾಗ ಹಾಲ್ ತುಂಬ ನಗು. ಮಧ್ಯಾಹ್ನದ ಹೊತ್ತಿಗೆ ವಿಷಯ ಅರ್ಥವಾಗಿತ್ತು. ಹೊಸ ಪಾಠದ ವಿವರಣೆಯನ್ನು ಮಕ್ಕಳು ಮನೆಯಲ್ಲಿ ಪುಟ್ಟ ವೀಡಿಯೊ ನೋಡಿ ಕೇಳಿಕೊಂಡು ಬರಬೇಕು. ಲೆಕ್ಕ ಬಿಡಿಸುವುದು, ವಾದ ಮಾಡುವುದು, ತಪ್ಪುವುದು, ತಿದ್ದಿಕೊಳ್ಳುವುದು ಎಲ್ಲ ತರಗತಿಯಲ್ಲಿ, ಟೀಚರ್ ಪಕ್ಕದಲ್ಲಿರುವಾಗ. ಕಷ್ಟದ ಕೆಲಸದ ಹೊತ್ತಿಗೆ ಮಗು ಒಂಟಿಯಾಗಿರಬಾರದು, ಅಷ್ಟೇ ಇದರ ತಿರುಳು.

ಊಟದ ಹೊತ್ತಿಗೆ ವಿಠಲ ರಾಯರು ನನ್ನ ಪಕ್ಕ ಬಂದು ಕೂತರು. ಪುತ್ತೂರಿನವರು, ಗಣಿತದ ಮೇಷ್ಟ್ರು, ರಜಾದಿನಗಳಲ್ಲಿ ಮಸ್ಕತ್‌ನ ಊರವರ ಕೂಟಗಳಲ್ಲಿ ತಾಳಮದ್ದಳೆಗೆ ಅರ್ಥ ಹೇಳುವವರು. ಅವರು ತ್ರಿಕೋನಮಿತಿ ಶುರು ಮಾಡಿದರೆ ಕಾರಿಡಾರಿನ ಆಚೆ ತುದಿಯ ತರಗತಿಗೂ ಕೇಳುತ್ತಿತ್ತು. ಕೇಳಲು ಚಂದವೂ ಇತ್ತು.

“ವಾಸಂತಿ ಮೇಡಂ, ಇದು ದೋಸೆ ಮಗುಚುವ ಹಾಗೆ ಅಲ್ವಾ? ಈಚೆಯದ್ದು ಆಚೆ, ಆಚೆಯದ್ದು ಈಚೆ.”

“ಹಾಗೇ ಕಾಣ್ತದೆ.”

“ನೀರುದೋಸೆ ಮಗುಚಲಿಕ್ಕಿಲ್ಲ. ನಾನು ನೀರುದೋಸೆ. ನನ್ನನ್ನು ಬಿಟ್ಟುಬಿಡ್ಲಿಕ್ಕೆ ಹೇಳಿ ಆ ಮೇಡಂಗೆ.”

ನಾನು ನಕ್ಕೆ. ಆದರೆ ಅವರ ಮುಖದಲ್ಲಿ ನಗು ಇರಲಿಲ್ಲ. “ಮಾತಾಡುವುದನ್ನು ಬಿಟ್ಟರೆ ನಾನು ಎಂತ ಮಾಡುವುದು ಅಲ್ಲಿ?” ಎಂದು ಕೇಳಿದರು. ಅದು ನನ್ನ ಪ್ರಶ್ನೆಯೂ ಆಗಿತ್ತು. ಅವರಷ್ಟು ಚೆನ್ನಾಗಿ ಹೇಳಲು ನನಗೆ ಬಂದಿರಲಿಲ್ಲ.

ನನ್ನ ಮೊದಲ ವೀಡಿಯೊವನ್ನು ಅಡುಗೆಮನೆಯ ಪಕ್ಕದ ಊಟದ ಮೇಜಿನ ಮೇಲೆ ತೆಗೆದೆ. ಅಕ್ಕಿಯ ಡಬ್ಬಕ್ಕೆ ಮೊಬೈಲ್ ಒರಗಿಸಿ, ಹಿಂದೆ ಒಂದು ಬಿಳಿ ಬೋರ್ಡ್ ಇಟ್ಟು, ಬೆಳಕಿನ ಪ್ರತಿಫಲನದ ಇಡೀ ಅಧ್ಯಾಯವನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ನಡುವೆ ಕುಕ್ಕರ್ ಕೂಗಿತು. ಕೂಗಲಿ ಎಂದು ಧ್ವನಿ ಏರಿಸಿದೆ. ಸದಾನಂದರು ಲುಂಗಿ ಉಟ್ಟುಕೊಂಡು ನನ್ನ ಬೆನ್ನ ಹಿಂದಿನಿಂದ ಹೋಗಿ ಫ್ರಿಜ್ ತೆರೆದು ಏನನ್ನೋ ತೆಗೆದುಕೊಂಡು ವಾಪಸಾದದ್ದು ನನಗೆ ಗೊತ್ತೇ ಆಗಲಿಲ್ಲ. ಕಳಿಸಿಬಿಟ್ಟೆ.

ಮಾರನೆಯ ದಿನ ಹತ್ತನೆಯ ತರಗತಿಯಲ್ಲಿ ಏನಾದರೂ ಪ್ರಶ್ನೆ ಇದೆಯೇ ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಒಂದು ಕೈ ಎದ್ದಿತು.

“ಮ್ಯಾಮ್, ಅಂಕಲ್ ಫ್ರಿಜ್‌ನಿಂದ ಏನು ತೆಗೆದರು?”

ಪಾಠದ ಬಗ್ಗೆ ಕೇಳಿದರೆ ಒಬ್ಬರಿಗೂ ಉತ್ತರ ಬರಲಿಲ್ಲ. ಫ್ರಿಜ್ಜಿನವರೆಗೆ ನೋಡಿದವರು ಕೆಲವರು, ಅದಕ್ಕೂ ಮುಂಚೆಯೇ ನಿಲ್ಲಿಸಿದವರು ಹಲವರು. ನಾನು ಬೋರ್ಡಿನ ಎಡ ಮೂಲೆಗೆ ಹೋಗಿ ಮೊದಲಿನಿಂದ ಪಾಠ ಶುರು ಮಾಡಿದೆ. ಅಷ್ಟರಲ್ಲಿ ಬಾಗಿಲಲ್ಲಿ ಪ್ರಿನ್ಸಿಪಾಲ್ ನಿಂತಿದ್ದರು. ಪೀರಿಯಡ್ ಮುಗಿದ ಮೇಲೆ ಹೊರಗೆ ಕರೆದು ಮೆಲ್ಲಗೆ ಹೇಳಿದರು: “ನೋಡದೆ ಬಂದವರಿಗೆ ನೀವು ಮತ್ತೆ ಪಾಠ ಮಾಡಿದಿರಿ. ಹಾಗಾದರೆ ಮನೆಯಲ್ಲಿ ಕೂತು ಪೂರ್ತಿ ನೋಡಿದ ಒಂದು ಮಗು ಇದ್ದರೆ ಅದಕ್ಕೆ ಏನು ಸಿಕ್ಕಿತು?”

ಆ ಮಾತು ನನಗೆ ನಾಟಿತು. ಹೊಸಬರೇ, ಇದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಮಕ್ಕಳು ನೋಡಿ ಬಂದಿಲ್ಲವೆಂದು ಮರುಗಿ ನೀವು ಬೋರ್ಡಿಗೆ ತಿರುಗಿದ ಗಳಿಗೆಯಲ್ಲೇ ಇಡೀ ಪದ್ಧತಿ ಮುಳುಗುತ್ತದೆ. ನೋಡದವರನ್ನು ಹಿಂದಿನ ಮೇಜಿನಲ್ಲಿ ಕೂರಿಸಿ ಅಲ್ಲೇ ನೋಡಲು ಬಿಡಿ. ಉಳಿದವರ ಗಲಾಟೆ ಕೇಳಿಸಿಕೊಂಡು ತಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆ ಎಂದು ಅವರಿಗೇ ಗೊತ್ತಾಗುತ್ತದೆ.

ಎರಡನೆಯ ವೀಡಿಯೊ ಚಿಕ್ಕದಾಗಿ ಮಾಡಿದೆ, ಒಂದೇ ವಿಷಯ. ಸದಾನಂದರನ್ನು ಹೊರಗೆ ವಾಕಿಂಗ್‌ಗೆ ಕಳಿಸಿದೆ. ಕುಕ್ಕರ್ ಇಡಲಿಲ್ಲ. ನನ್ನ ಮುಖ ಸರಿಯಾಗಿ ಕಾಣಲಿ ಎಂದು ಮೊಬೈಲಿನ ಮುಂಭಾಗದ ಕ್ಯಾಮರಾದಲ್ಲಿ ತೆಗೆದು, ತೃಪ್ತಿಯಿಂದ ಕಳಿಸಿ, ಊಟ ಮಾಡುತ್ತಾ ಒಮ್ಮೆ ನೋಡೋಣವೆಂದು ಹಾಕಿದರೆ ಬೋರ್ಡಿನ ಮೇಲೆ ನಾನು ಬರೆದ ಅಕ್ಷರಗಳೆಲ್ಲ ಎಡಬಲ ತಿರುಗಿಕೊಂಡಿದ್ದವು. ಕನ್ನಡಿಯಲ್ಲಿ ಕಂಡ ಹಾಗೆ. ಅದೂ ಕನ್ನಡಿಯ ಪಾಠ. ತೆಗೆದುಹಾಕುವ ಅಂದರೆ ಆಗಲೇ ತರಗತಿಯ ಗ್ರೂಪಿನಲ್ಲಿ ನಗುವ ಮುಖಗಳು ಸಾಲುಗಟ್ಟಿದ್ದವು.

ಮಾರನೆಯ ದಿನ ಅವಮಾನಕ್ಕೆ ತಯಾರಾಗಿ ತರಗತಿಗೆ ಹೋದೆ. ಎಲ್ಲರೂ ನೋಡಿದ್ದರು. ಕೆಲವರು ಎರಡು ಸಲ ನೋಡಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಮೊದಲ ಬೆಂಚಿನ ರೋಹನ್ ಎದ್ದು ನಿಂತ. “ಮ್ಯಾಮ್, ಅಕ್ಷರ ಎಡಬಲ ತಿರುಗಿತು. ತಲೆಕೆಳಗೆ ಯಾಕೆ ಆಗಲಿಲ್ಲ? ಕನ್ನಡಿಗೆ ಎಡ ಬಲ ಗೊತ್ತು, ಮೇಲೆ ಕೆಳಗೆ ಗೊತ್ತಿಲ್ವಾ?”

ಇಪ್ಪತ್ತು ವರ್ಷ ಆ ಅಧ್ಯಾಯ ಹೇಳಿದ್ದೆ. ಒಂದು ಮಗುವೂ ಆ ಪ್ರಶ್ನೆ ಕೇಳಿರಲಿಲ್ಲ. ಕೇಳಲು ನಾನು ಜಾಗವನ್ನೇ ಬಿಟ್ಟಿರಲಿಲ್ಲ. ಆ ದಿನ ಮಕ್ಕಳು ಕಾಗದದ ಮೇಲೆ ಹೆಸರು ಬರೆದು ಕಿಟಕಿಯ ಗಾಜಿಗೆ ಹಿಡಿದರು, ಕಾಗದವನ್ನೇ ತಿರುಗಿಸಿ ನೋಡಿದರು, ಮಲಗಿ ಕನ್ನಡಿ ನೋಡಿದರೆ ಏನಾಗುತ್ತದೆ ಎಂದು ಒಬ್ಬ ಬೆಂಚಿನ ಮೇಲೆ ಮಲಗಿಯೇಬಿಟ್ಟ. ಪಕ್ಕದ ತರಗತಿಯ ಟೀಚರ್ ಗಾಬರಿಯಿಂದ ಬಂದು ಇಣುಕಿದರು. ಬೆಲ್ ಹೊಡೆದಾಗ ನನ್ನ ಬೋರ್ಡ್ ಖಾಲಿಯಾಗಿತ್ತು. ನಾನು ಸ್ಟಾಫ್ ರೂಮಿಗೆ ಹೋಗಿ ಒಬ್ಬಳೇ ನಕ್ಕೆ.

ಇಷ್ಟರಲ್ಲಿ ವಿಠಲ ರಾಯರೂ ಬೇರೆ ದಾರಿ ಕಾಣದೆ ಶುರು ಮಾಡಿದ್ದರು. ವೀಡಿಯೊ ಅವರಿಗೆ ಕಷ್ಟವಾಗಲಿಲ್ಲ, ಅರ್ಥಧಾರಿಗೆ ಕ್ಯಾಮರಾ ಎಂತ ಲೆಕ್ಕ? ಕಷ್ಟವಾದದ್ದು ತರಗತಿಯಲ್ಲಿ ಸುಮ್ಮನಿರುವುದು. ಮಗು ಎರಡನೆಯ ಸಾಲಿನಲ್ಲಿ ತಪ್ಪುವ ಮುಂಚೆಯೇ ಇವರು ಐದನೆಯ ಸಾಲು ಹೇಳಿಬಿಡುತ್ತಿದ್ದರು. ಅದಕ್ಕೆ ಒಂದು ಉಪಾಯ ಮಾಡಿದರು. ಬರ್ಕಾದ ಮಾರ್ಕೆಟ್ಟಿನಿಂದ ಒಳ್ಳೆಯ ಖರ್ಜೂರ ತಂದು ಜೇಬಿನಲ್ಲಿಟ್ಟುಕೊಂಡರು. ಮಕ್ಕಳು ಲೆಕ್ಕ ಶುರು ಮಾಡಿದ ಕೂಡಲೇ ಒಂದನ್ನು ಬಾಯಿಗೆ ಹಾಕುವುದು. ಬೀಜ ಪೂರ್ತಿ ಚೊಕ್ಕವಾಗುವವರೆಗೆ ಮಾತಾಡಬಾರದು. ಇದು ತಮಗೆ ತಾವೇ ಹಾಕಿಕೊಂಡ ನಿಯಮ.

ಒಂದು ದಿನ ಬಾಗಿಲಿನ ಗಾಜಿನಿಂದ ನಾನು ನೋಡುತ್ತಿದ್ದೆ. ಒಬ್ಬ ಹುಡುಗ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಾ ಚಿಹ್ನೆ ತಪ್ಪಾಗಿ ಹಾಕಿದ. ರಾಯರು ಕುರ್ಚಿಯಿಂದ ಅರ್ಧ ಎದ್ದರು. ಕೂತರು. ಮುಖ ಕೆಂಪಗಾಯಿತು. ಕೈ ತಾನಾಗಿಯೇ ಬೋರ್ಡಿನ ಕಡೆ ಚಾಚಿತು, ಇನ್ನೊಂದು ಕೈ ಅದನ್ನು ಹಿಡಿದು ಎಳೆಯಿತು. ತರಗತಿಯಲ್ಲಿ ಪಿಸುಮಾತು ಶುರುವಾಗಿ, ಒಬ್ಬಳು ಹುಡುಗಿ ಎದ್ದುಹೋಗಿ ಆ ಸಾಲನ್ನು ಒರೆಸಿ, ಯಾಕೆ ತಪ್ಪು ಎಂದು ಹುಡುಗನಿಗೆ ಹೇಳಿ, ಸರಿ ಮಾಡಿಸಿದಳು. ರಾಯರು ಹೊರಗೆ ಬಂದಾಗ ಬೆವರುತ್ತಿದ್ದರು.

“ಹೇಗಾಯ್ತು?” ಎಂದೆ.

“ಮಕ್ಕಳಿಗೆ ಒಳ್ಳೆದಾಯ್ತು ಮಾರಾಯ್ರೆ. ನಾನು ಬೀಜ ನುಂಗಿಬಿಟ್ಟೆ.”

ಎಲ್ಲವೂ ಇಷ್ಟು ಹಗುರವಾಗಿರಲಿಲ್ಲ. ಮೇ ತಿಂಗಳಲ್ಲಿ ಖಾದರಾಕ ನನ್ನನ್ನು ನೋಡಲು ಶಾಲೆಗೆ ಬಂದರು. ಉಳ್ಳಾಲದ ಬ್ಯಾರಿಗಳು, ಬರ್ಕಾದಲ್ಲಿ ಕಿಟಕಿ ಪರದೆಯ ಬಟ್ಟೆ ಅಂಗಡಿ. ಮಗಳು ಶಮೀಮಾ ನನ್ನ ಹತ್ತನೆಯ ತರಗತಿಯಲ್ಲಿದ್ದಳು. ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು, ಕೇಳಿದ್ದಕ್ಕೆ ಒಂದೇ ಶಬ್ದದಲ್ಲಿ ಉತ್ತರಿಸಿ, ಆ ಶಬ್ದವನ್ನೂ ಅರ್ಧ ನುಂಗುವ ಹುಡುಗಿ. ಖಾದರಾಕ ತುಳುವಿನಲ್ಲಿ ಕ್ಷೇಮ ವಿಚಾರಿಸಿ, ವಿಷಯಕ್ಕೆ ಬಂದಾಗ ಕನ್ನಡಕ್ಕೆ ಬದಲಾದರು. ಅದರಿಂದಲೇ ಮಾತು ಗಂಭೀರವೆಂದು ನನಗೆ ತಿಳಿಯಿತು.

“ಟೀಚರೇ, ಬೇಜಾರು ಮಾಡ್ಬೇಡಿ. ಮಕ್ಕಳ ಕೈಗೆ ಮೊಬೈಲ್ ಕೊಡ್ಬೇಡಿ ಅಂತ ಹೋದ ವರ್ಷ ನೀವೇ ಹೇಳಿದ್ದು. ಈಗ ಪಾಠವೇ ಮೊಬೈಲಲ್ಲಿ ಅಂತೀರಿ. ಮನೆಯಲ್ಲಿ ಪಾಠ, ಶಾಲೆಯಲ್ಲಿ ಹೋಂವರ್ಕ್. ಇದು ಯಾವ ನಮೂನೆ?”

ನಾನು ವಿವರಿಸಲು ಹೊರಟೆ. ಅವರು ಕೈ ಎತ್ತಿ ತಡೆದರು.

“ನೀವು ಒಳ್ಳೆ ಟೀಚರು, ಅದು ನಂಗೆ ಗೊತ್ತುಂಟು. ಆದ್ರೆ ಇವಳಿಗೆ ಇದು ಹತ್ತನೇ ಕ್ಲಾಸು. ಊರಲ್ಲಿ ನನ್ನ ಅಣ್ಣನ ಮನೆ ಹತ್ರ ಒಂದು ಶಾಲೆ ಉಂಟು. ಬೋರ್ಡಲ್ಲಿ ಬರೆದು ಸರಿಯಾಗಿ ಕಲಿಸ್ತಾರೆ. ಮಾತಾಡಿ ಆಗಿದೆ. ಜೂನಲ್ಲಿ ರಜೆಗೆ ಹೋದಾಗ ಅಲ್ಲೇ ಸೇರಿಸಿಬಿಡ್ತೇನೆ.”

“ಶಮೀಮಾ ಎಂತ ಹೇಳ್ತಾಳೆ?”

“ಅವಳು ಎಂತ ಹೇಳುದು? ಅವಳು ಮಾತಾಡುದಿಲ್ಲ.”

ಅವರು ಕೆಟ್ಟವರಲ್ಲ. ಮಗಳ ಓದಿನ ಮೇಲಿನ ಕಾಳಜಿಯಿಂದಲೇ ಅಂಗಡಿ ಬಿಟ್ಟು ಬಂದಿದ್ದರು. ಶಮೀಮಾಳನ್ನು ಆಮೇಲೆ ಕರೆದು ಕೇಳಿದೆ. ತಲೆ ತಗ್ಗಿಸಿ ನಿಂತಳು. ಊರಿಗೆ ಹೋಗಲು ಇಷ್ಟವೇ ಎಂದರೆ ಇಲ್ಲವೆಂದು ತಲೆ ಆಡಿಸಿದಳು. ಅಪ್ಪನಿಗೆ ಹೇಳಿದೆಯಾ ಎಂದರೆ ಅದಕ್ಕೂ ಇಲ್ಲ. ಇಲ್ಲಿ ಅಮ್ಮ ಇದ್ದಾರೆ, ತಮ್ಮಂದಿರು ಇದ್ದಾರೆ, ಹುಟ್ಟಿದ್ದೇ ಇಲ್ಲಿ. ದೊಡ್ಡಪ್ಪನ ಮನೆ ಅವಳ ಪಾಲಿಗೆ ರಜೆಯಲ್ಲಿ ಹೋಗಿಬರುವ ಜಾಗ.

ವೀಡಿಯೊ ಎಲ್ಲಿ ನೋಡುತ್ತೀ ಎಂದು ಕೇಳಿದಾಗ ಮಾತ್ರ ಒಂದು ಪೂರ್ತಿ ವಾಕ್ಯ ಬಂತು. ಮೊಬೈಲ್ ಉಪ್ಪನ, ಅಂದರೆ ಅಪ್ಪನ, ಹತ್ತಿರ ಇರುವುದರಿಂದ ಸಂಜೆ ಅಂಗಡಿಗೆ ಹೋಗಿ ಬಟ್ಟೆಯ ಥಾನುಗಳ ಹಿಂದೆ ಕೂತು ನೋಡುತ್ತಾಳಂತೆ. ಗಿರಾಕಿಗಳ ಫೋನ್ ಬಂದಾಗ ನಿಲ್ಲಿಸಿ ಕೊಟ್ಟು, ಮತ್ತೆ ಮೊದಲಿನಿಂದ ನೋಡುತ್ತಾಳಂತೆ. ನನ್ನ ಪ್ರತಿ ಪಾಠವನ್ನೂ ಅವಳು ಉಳಿದವರಿಗಿಂತ ಹೆಚ್ಚು ಸಲ ಕೇಳಿದ್ದಳು.

ನಾನು ಪ್ರಿನ್ಸಿಪಾಲರ ಹತ್ತಿರ ಹೋಗಿ, ಒಬ್ಬ ತಂದೆಯನ್ನು ನನ್ನ ತರಗತಿಯಲ್ಲಿ ಕೂರಿಸಲು ಅನುಮತಿ ಕೇಳಿದೆ. ಒಬ್ಬರು ಯಾಕೆ, ಬರುವವರೆಲ್ಲ ಬರಲಿ ಎಂದರು. ಖಾದರಾಕರಿಗೆ ಫೋನ್ ಮಾಡಿದೆ.

“ಖಾದರಾಕ, ಒಂದೇ ಪೀರಿಯಡ್ ಬಂದು ಕೂತುಕೊಳ್ಳಿ. ಆಮೇಲೆ ನೀವು ಎಂತ ಹೇಳಿದರೂ ಸರಿ, ನಾನು ಇನ್ನು ಮಾತಾಡುದಿಲ್ಲ.”

“ನಂಗೆ ಇಂಗ್ಲಿಷ್ ಬರುದಿಲ್ಲ ಟೀಚರೇ.”

“ಕಣ್ಣು ಉಂಟಲ್ಲ, ಸಾಕು.”

ಬಂದರು. ಇನ್ನೂ ನಾಲ್ಕೈದು ತಂದೆತಾಯಂದಿರೂ ಬಂದಿದ್ದರು. ಮಕ್ಕಳು ಪೀನ ಮಸೂರದ ವೀಡಿಯೊ ನೋಡಿ ಬಂದಿದ್ದರು. ಪೀನ ಮಸೂರವೆಂದರೆ ನಡುವೆ ಉಬ್ಬಿದ ಗಾಜು, ಭೂತಗನ್ನಡಿಯದ್ದೇ ಜಾತಿ. ಖಾದರಾಕರನ್ನು ಶಮೀಮಾಳ ಗುಂಪಿನ ಬೆಂಚಿನಲ್ಲೇ ಕೂರಿಸಿದೆ. ಅವಳು ಸಂಕೋಚದಿಂದ ಇನ್ನಷ್ಟು ಕುಗ್ಗಿದಳು. ಇದು ತಪ್ಪಾಯಿತೇನೋ ಎಂದು ನನಗೆ ಒಳಗೇ ಅಳುಕು.

ಒಂದು ಕಿಟಕಿ ಬಿಟ್ಟು ಉಳಿದವುಗಳ ಪರದೆ ಎಳೆದೆವು. ಹೊರಗೆ ಉರಿಬಿಸಿಲಿನಲ್ಲಿ ಖರ್ಜೂರದ ಮರ ನಿಂತಿತ್ತು. ಮಕ್ಕಳು ಮಸೂರವನ್ನು ಕಿಟಕಿಯ ಕಡೆ ಹಿಡಿದು, ಹಿಂದೆ ಒಂದು ಬಿಳಿ ಕಾಗದ ಹಿಡಿದು, ಹಿಂದೆ ಮುಂದೆ ಸರಿಸಿದರು. ಕಾಗದದ ಮೇಲೆ ಮರ ಮೂಡಿತು. ಪುಟ್ಟದಾಗಿ, ಬಣ್ಣದಲ್ಲಿ, ತಲೆಕೆಳಗಾಗಿ. ಗರಿಗಳು ಗಾಳಿಗೆ ಅಲ್ಲಾಡುವುದೂ ಕಾಣುತ್ತಿತ್ತು. ಖಾದರಾಕ ಬೆಂಚಿನಿಂದ ಮುಂದಕ್ಕೆ ಬಾಗಿದರು.

ಆಗ ನಾನು ಆ ದಿನದ ಪ್ರಶ್ನೆ ಕೇಳಿದೆ. “ಮಸೂರದ ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ಕಾಗದದ ಮೇಲಿನ ಮರ ಏನಾಗುತ್ತದೆ? ಮುಚ್ಚುವ ಮೊದಲು ಹೇಳಬೇಕು, ಯಾಕೆ ಎಂದೂ ಹೇಳಬೇಕು.” ಹೇಳಿ ಹಿಂದೆ ಹೋಗಿ ನಿಂತೆ.

ಅದೇ ಗುಂಪಿನಲ್ಲಿದ್ದ ರೋಹನ್‌ಗೆ ಸಂಶಯವೇ ಇರಲಿಲ್ಲ. ಅರ್ಧ ಮಸೂರ, ಅರ್ಧ ಮರ. ಗುಂಪಿನ ಉಳಿದವರೂ ತಲೆಯಾಡಿಸಿದರು. ಬೇರೆ ಗುಂಪುಗಳಲ್ಲೂ ಅದೇ ಮಾತು. ಯಾವ ಅರ್ಧ ಹೋಗುತ್ತದೆ, ಬುಡವೋ ತಲೆಯೋ ಎಂಬುದಷ್ಟೇ ಚರ್ಚೆ.

“ನೋ,” ಎಂದಳು ಶಮೀಮಾ.

ಮೆಲ್ಲಗೆ ಹೇಳಿದ್ದು. ಆದರೆ ರೋಹನ್ ತಿರುಗಿ ನೋಡಿದ. ಯಾಕೆ ನೋ ಎಂದು ಕೇಳಿದ. ಅವಳು ಒಮ್ಮೆ ಅಪ್ಪನ ಕಡೆ ನೋಡಿ, ಪೆನ್ಸಿಲ್ ತೆಗೆದುಕೊಂಡು ಚಿತ್ರ ಬರೆಯಲು ಶುರು ಮಾಡಿದಳು. ಮರದ ತುದಿಯಿಂದ ಹೊರಟ ಬೆಳಕು ಮಸೂರದ ಮೇಲರ್ಧಕ್ಕೂ ಬೀಳುತ್ತದೆ, ಕೆಳಗರ್ಧಕ್ಕೂ ಬೀಳುತ್ತದೆ. ಬುಡದಿಂದ ಹೊರಟದ್ದೂ ಹಾಗೇ. ಒಂದು ಅರ್ಧ ಮುಚ್ಚಿದರೂ ಇನ್ನೊಂದು ಅರ್ಧಕ್ಕೆ ಇಡೀ ಮರದ ಬೆಳಕು ಸಿಗುತ್ತಲೇ ಇರುತ್ತದೆ. ಮರ ಪೂರ್ತಿ ಇರುತ್ತದೆ. ಮಬ್ಬಾಗುತ್ತದೆ, ಅಷ್ಟೇ.

ರೋಹನ್ ಒಪ್ಪಲಿಲ್ಲ. ಅವಳೂ ಬಿಡಲಿಲ್ಲ. ಬೇರೆ ಗುಂಪಿನವರು ಸುತ್ತ ಬಂದು ನಿಂತರು. ಅವಳು ಎದ್ದು ನಿಂತಳು. ಕೂತು ಹೇಳಿದ್ದು ಹಿಂದಿನವರಿಗೆ ಕೇಳುತ್ತಿರಲಿಲ್ಲ. ಅವಳ ದನಿ ಅಷ್ಟು ದೊಡ್ಡದು ಎಂದು ನನಗೂ ಗೊತ್ತಿರಲಿಲ್ಲ. ಖಾದರಾಕ ಚಿತ್ರವನ್ನು ನೋಡುತ್ತಿರಲಿಲ್ಲ, ಮಗಳ ಮುಖವನ್ನು ನೋಡುತ್ತಿದ್ದರು.

ಕೊನೆಗೆ ರೋಹನ್‌ನೇ ಕಪ್ಪು ಕಾಗದ ಹಿಡಿದು ಮಸೂರದ ಅರ್ಧ ಮುಚ್ಚಿದ. ಕಾಗದದ ಮೇಲಿನ ಬಣ್ಣ ಮಬ್ಬಾಯಿತು. ಮರ ಬುಡದಿಂದ ತುದಿಯವರೆಗೆ ಹಾಗೇ ಇತ್ತು. ರೋಹನ್ ಎರಡು ಮೂರು ಸಲ ಮುಚ್ಚಿ ತೆಗೆದು ನೋಡಿ, ಶಮೀಮಾಳಿಂದ ಪೆನ್ಸಿಲ್ ತೆಗೆದುಕೊಂಡು, “ಇನ್ನೊಮ್ಮೆ ಹೇಳು,” ಎಂದ. ಒಳ್ಳೆಯ ಹುಡುಗ.

ಬೆಲ್ ಹೊಡೆದ ಮೇಲೆ ಖಾದರಾಕ ಮಗಳ ಹತ್ತಿರ ಬ್ಯಾರಿ ಭಾಷೆಯಲ್ಲಿ ಏನೋ ಕೇಳಿದರು. ಅವಳು ಅದಕ್ಕೆ ಉದ್ದದ ಉತ್ತರ ಕೊಟ್ಟಳು. ನನಗೆ ಪೂರ್ತಿ ಅರ್ಥವಾಗಲಿಲ್ಲ. ‘ಉಪ್ಪಾ’ ಎಂಬ ಮಾತು ಮತ್ತೆ ಮತ್ತೆ ಬಂತು. ಖಾದರಾಕ ಸುಮ್ಮನೆ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

“ಊರಿಗೆ ಹೋಗ್ತೀಯಾ ಅಂತ ಕೇಳಿದೆ ಟೀಚರೇ. ಹೋಗುದಿಲ್ಲ ಅಂತಾಳೆ. ಅದಕ್ಕೆ ಕಾರಣ ಬೇರೆ ಹೇಳ್ತಾಳೆ, ಒಂದಲ್ಲ, ನಾಲ್ಕು.” ಮಗಳು ಬರೆದ ಚಿತ್ರವನ್ನು ಕೈಗೆತ್ತಿಕೊಂಡು, “ಮನೆಯಲ್ಲಿ ತಮ್ಮಂದಿರು ಜಗಳಾಡಿದ್ರೂ ಇವಳು ಮಾತಾಡಿದ್ದು ನಾನು ಕಂಡಿಲ್ಲ. ಇಲ್ಲಿ ಆ ಹುಡುಗನ ಹತ್ರ ಹೇಗೆ ವಾದ ಮಾಡಿದ್ಳು, ನೋಡಿದ್ರಾ?” ಎಂದರು.

“ಊರಲ್ಲಿ ಮಾತಾಡಿ ಆಗಿದೆ ಅಂದಿದ್ರಿ?”

“ಅಣ್ಣನಿಗೆ ಫೋನ್ ಮಾಡ್ತೇನೆ. ಖಲಾಸ್.”

ಹೋಗುವ ಮುಂಚೆ ಆ ಮಸೂರವನ್ನು ಕೈಗೆ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ, ಅಂಗೈ ಹಿಡಿದು, ಖರ್ಜೂರದ ಮರವನ್ನು ತಾವೂ ಒಮ್ಮೆ ತಲೆಕೆಳಗೆ ಮಾಡಿ ನೋಡಿದರು.

ಜೂನ್ ರಜೆಗೆ ಊರಿಗೆ ಹೋದ ಶಮೀಮಾ ರಜೆ ಮುಗಿದ ಮೇಲೆ ವಾಪಸು ಬಂದಳು. ಬೋರ್ಡ್ ಪರೀಕ್ಷೆ ಚೆನ್ನಾಗಿ ಮಾಡಿ, ವಿಜ್ಞಾನ ತೆಗೆದುಕೊಂಡು ಮುಂದೆ ಓದುತ್ತಿದ್ದಾಳೆ. ಅವಳೊಬ್ಬಳಿಂದ ನಾನೂ ಒಂದು ಪಾಠ ಕಲಿತೆ. ಮನೆಯಲ್ಲಿ ಫೋನ್ ಬಿಡುವಾಗಿ ಸಿಗದ ಮಕ್ಕಳು ಬೇರೆಯವರೂ ಇದ್ದರು, ನಾನು ವಿಚಾರಿಸಿಯೇ ಇರಲಿಲ್ಲ. ಪ್ರಿನ್ಸಿಪಾಲರು ಬೆಳಗಿನ ಅಸೆಂಬ್ಲಿಗೆ ಮುಂಚೆ ಕಂಪ್ಯೂಟರ್ ರೂಮ್ ತೆರೆಸಿದರು. ಬಸ್ಸು ಬೇಗ ತಲುಪುವ ಮಕ್ಕಳು ಅಲ್ಲಿ ಕೂತು ನೋಡತೊಡಗಿದರು. ಹೊಸ ಪದ್ಧತಿ ಶುರು ಮಾಡುವ ಮೊದಲು ಪ್ರತಿ ಮಗುವಿನ ಮನೆಯಲ್ಲಿ ಎಷ್ಟು ಫೋನ್ ಇದೆ, ಅದು ಯಾರ ಕೈಯಲ್ಲಿರುತ್ತದೆ ಎಂದು ಕೇಳಿಕೊಳ್ಳಿ.

ಸೆಪ್ಟೆಂಬರಿನಲ್ಲಿ ನಮ್ಮ ಮನೆಯ ಹಾಲ್‌ಗೆ ಪರದೆ ಬೇಕೆಂದು ನಾನೂ ಸದಾನಂದರೂ ಬರ್ಕಾಕ್ಕೆ, ಖಾದರಾಕರ ಅಂಗಡಿಗೆ ಹೋದೆವು. ಅವರು ಹೊರಗೆ ಹೋಗಿದ್ದರು. ಕೆಲಸದವರಿಗೆ ನನ್ನ ಪರಿಚಯವಿಲ್ಲ. ನೀಲಿ ಬಟ್ಟೆ ತೋರಿಸಿ ಎಂದು ಹಿಂದಿಯಲ್ಲಿ ಕೇಳಿದೆ, ಅಷ್ಟೇ. ಒಳಗೆ ಮೆಷಿನ್ ತುಳಿಯುತ್ತಿದ್ದ ಲಖನೌ ಕಡೆಯ ಟೇಲರ್ ಒಬ್ಬರು ಮೆಷಿನ್ ನಿಲ್ಲಿಸಿ ಹೊರಗೆ ಬಂದರು.

“ಮಾತಾಡಿದ್ದು ಕಾನ್ಕೇವ್ ಮಿರರ್ ಮೇಡಂ ಅಲ್ವಾ?”

ದಿನಾ ಸಂಜೆ ನಿಮ್ನ ದರ್ಪಣದ ಪಾಠದಲ್ಲಿ ನನ್ನ ದನಿ ಕೇಳಿ ಕೇಳಿ ಅಂಗಡಿಯವರಿಗೆಲ್ಲ ಅದರ ಗುರುತು ಸಿಕ್ಕಿಬಿಟ್ಟಿತ್ತು. ಕುರ್ಚಿ ತಂದರು, ಸುಲೈಮಾನಿ ಚಹಾ ತರಿಸಿದರು. ಅಷ್ಟರಲ್ಲಿ ಆ ಟೇಲರ್ ಸದಾನಂದರನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇವರು ಫ್ರಿಜ್ ಸಾಹೇಬರು,” ಎಂದರು. ನಮ್ಮವರು ಇವತ್ತಿಗೂ ಆ ಅಂಗಡಿಗೆ ಹೋಗೋಣವೆಂದರೆ ತಾವೇ ಮುಂದಾಗಿ ಕಾರಿನ ಕೀ ಹುಡುಕುತ್ತಾರೆ.

ಆ ಶಾಲಾವರ್ಷ ಮುಗಿಯುವ ಹೊತ್ತಿಗೆ ರಮದಾನ್ ಬಂತು. ಇಲ್ಲಿ ಆ ತಿಂಗಳು ಉಪವಾಸವಿಲ್ಲದವರೂ ಹಗಲು ಯಾರ ಎದುರೂ ತಿನ್ನುವುದಿಲ್ಲ. ವಿಠಲ ರಾಯರ ಖರ್ಜೂರ ನಿಂತಿತು. ಮೊದಲ ದಿನವೇ ಅವರು ತಡೆಯಲಾರದೆ ಒಂಬತ್ತನೆಯ ತರಗತಿಯಲ್ಲಿ ಅರ್ಧ ಪೀರಿಯಡ್ ಮಾತಾಡಿಬಿಟ್ಟರಂತೆ. ಆಗ ಅನೀಸ್ ಎಂಬ ಹುಡುಗ ಎದ್ದು ನಿಂತು ವಿನಯದಿಂದಲೇ ಹೇಳಿದ: “ಸರ್, ಈದ್ ತನಕ ನೀವೂ ಉಪವಾಸ ಮಾಡಿ. ಮಾತಿನ ಉಪವಾಸ.”

ರಾಯರು ಸ್ಟಾಫ್ ರೂಮಿಗೆ ಬಂದು ಇದನ್ನು ಹೇಳಿದಾಗ ಅವರಿಗೆ ಕೋಪ ಬಂದಿದೆಯೆಂದು ನಾವೆಲ್ಲ ತಿಳಿದೆವು. ಬಂದಿರಲಿಲ್ಲ. “ಹುಡುಗ ಹೇಳಿದ್ದು ಸರಿ ಉಂಟು. ಅವರು ನೀರೂ ಕುಡಿಯದೆ ಕೂರ್ತಾರೆ. ನಂಗೆ ಬಾಯಿ ಮುಚ್ಚಿ ಕೂರ್ಲಿಕ್ಕೆ ಆಗುದಿಲ್ವಾ?” ಎಂದರು. ಮತ್ತೆ ಆ ತಿಂಗಳಿಡೀ ಅವರು ಬೆಂಚಿನಿಂದ ಬೆಂಚಿಗೆ ನಡೆದರು, ಬಾಗಿ ನೋಡಿದರು, ಕೇಳ ಬಂದ ಮಗುವಿಗೆ ಮಾತ್ರ ಕಿವಿಯಲ್ಲಿ ಹೇಳಿದರು. ಗಣಿತವೆಂದರೆ ನಡುಗುತ್ತಿದ್ದ ಕೆಲವರು ಆ ತಿಂಗಳಲ್ಲೇ ಮೊದಲ ಬಾರಿಗೆ ಅವರ ಹತ್ತಿರ ಬಂದು, ಸರ್, ಇದು ಗೊತ್ತಾಗಲಿಲ್ಲ ಎಂದರಂತೆ. ಹತ್ತಿರ ಬಂದ ಮಕ್ಕಳ ಹೆಸರನ್ನು ರಾಯರು ನಮಗೆ ಹೇಳುವಾಗ, ಬಹುಮಾನ ಬಂದವರ ಹೆಸರು ಓದುವ ಹಾಗೆ ಹೇಳುತ್ತಿದ್ದರು.

ಈದ್ ರಜೆಯ ಹಿಂದಿನ ದಿನ ಆ ತರಗತಿಯವರು ಅವರ ಕುರ್ಚಿಯನ್ನು ಬೋರ್ಡಿನ ಮುಂದೆ ನಡುವಿಗೆ ತಂದು ಇಟ್ಟರು. “ಸರ್, ಇವತ್ತು ನಿಮ್ಮ ಇಫ್ತಾರ್. ಇಡೀ ಪೀರಿಯಡ್ ನೀವು ಮಾತಾಡಿ,” ಎಂದರು. ರಾಯರು ಶೂನ್ಯದ ಕಥೆ ಹೇಳಿದರು. ಏನೂ ಇಲ್ಲದ್ದಕ್ಕೆ ಒಂದು ಗುರುತು ಬೇಕೆಂದು ಮನುಷ್ಯರಿಗೆ ಹೇಗೆ ಅನ್ನಿಸಿತು, ಅದು ನಮ್ಮ ಕಡೆಯಿಂದ ಹೊರಟು ಅರಬರ ಕೈ ದಾಟಿ ಹೇಗೆ ಲೋಕವೆಲ್ಲ ಸುತ್ತಿತು ಎಂದು. ಬಿಡುವಿದ್ದ ಟೀಚರುಗಳೆಲ್ಲ ಕಾರಿಡಾರಿನಲ್ಲಿ ನಿಂತು ಕೇಳಿದೆವು. ಪ್ರಿನ್ಸಿಪಾಲರೂ ಗೋಡೆಗೆ ಒರಗಿ ನಿಂತಿದ್ದರು. ಉಪನ್ಯಾಸ ಸತ್ತುಹೋಯಿತೆಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ. ಹಸಿದವರಿಗೆ ಬಡಿಸಿದರೆ ಅದರ ರುಚಿಯೇ ಬೇರೆ.

ನನ್ನ ಕೊನೆಯ ತರಗತಿ ಮುಂದಿನ ವರ್ಷದ ಜೂನ್‌ನಲ್ಲಿ, ಬೇಸಿಗೆ ರಜೆಗೆ ಮುಂಚಿನ ದಿನ. ಒಂಬತ್ತನೆಯ ತರಗತಿ, ದಿನದ ಕೊನೆಯ ಪೀರಿಯಡ್. ಭಾಷಣ, ಹೂಗುಚ್ಛ ಎಲ್ಲ ಬೆಳಗ್ಗೆಯೇ ಮುಗಿದಿತ್ತು. ಮಕ್ಕಳು ತೇಲುವ ವಸ್ತುಗಳ ವೀಡಿಯೊ ನೋಡಿ ಬಂದಿದ್ದರು. ನಾನು ಒಂದು ಗಾಜಿನ ಲೋಟದಲ್ಲಿ ಐಸ್ ಹಾಕಿ, ಅಂಚಿನವರೆಗೆ ನೀರು ತುಂಬಿಸಿದೆ. ಐಸ್ ನೀರಿನಿಂದ ಮೇಲೆ ತಲೆ ಎತ್ತಿ ತೇಲುತ್ತಿತ್ತು. ಐಸ್ ಪೂರ್ತಿ ಕರಗಿದಾಗ ನೀರು ಹೊರಗೆ ಚೆಲ್ಲುತ್ತದೋ ಇಲ್ಲವೋ, ಇಷ್ಟೇ ಪ್ರಶ್ನೆ.

ಅರ್ಧ ತರಗತಿ ಚೆಲ್ಲುತ್ತದೆ ಎಂದಿತು, ಅರ್ಧ ಇಲ್ಲ ಎಂದಿತು. ವಾದ ಏರಿತು. ಎ.ಸಿ.ಯ ತಂಪಿನಲ್ಲಿ ಐಸ್ ಕರಗುವ ಲಕ್ಷಣ ಕಾಣಲಿಲ್ಲ. ನಾನು ಸೂಚನೆ ಕೊಡೋಣವೆಂದು ಬಾಯಿ ತೆರೆದೆ. ಒಬ್ಬ ಹುಡುಗಿ ನನ್ನ ಕಡೆ ತಿರುಗಿಯೂ ನೋಡದೆ ಕೈ ಎತ್ತಿ, “ಮ್ಯಾಮ್, ಪ್ಲೀಸ್, ಒಂದು ನಿಮಿಷ. ನಾವು ಯೋಚಿಸ್ತಾ ಇದ್ದೇವೆ,” ಎಂದಳು. ನಾನು ಸುಮ್ಮನಾದೆ.

ಬೆಲ್ ಹೊಡೆಯಿತು. ಮಕ್ಕಳು ಲೋಟವನ್ನು ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು, ದೇವರ ಮೂರ್ತಿ ಒಯ್ಯುವ ಹಾಗೆ ಹೊರಗೆ ಒಯ್ದರು. ನಾನು ಕಿಟಕಿಯಿಂದ ನೋಡಿದೆ. ಬಸ್ಸು ನಿಂತಿದ್ದ ಕಡೆ, ಬಿಸಿಲಿಗೆ ಕಾದ ಗೋಡೆಯ ಮೇಲೆ ಲೋಟ ಇಟ್ಟು ಸುತ್ತ ನಿಂತರು. ಬಸ್ ಡ್ರೈವರ್ ಸಾಲಿಂ, ಬಿಳಿ ದಿಶ್‌ದಾಶ ನಿಲುವಂಗಿ ತೊಟ್ಟ ಹಿರಿಯ ಓಮಾನಿ, ಹಾರ್ನ್ ಒತ್ತಿ, “ಯಲ್ಲಾ, ಯಲ್ಲಾ,” ಎಂದು ಹೊರಡಲು ಅವಸರಪಡಿಸಿ ಕೂಗಿದರು. ಯಾರೂ ಕದಲಲಿಲ್ಲ. ಅವರು ಇಳಿದು ಬಂದು ಏನೆಂದು ಕೇಳಿದರು. ಮಕ್ಕಳು ತಮಗೆ ಬಂದ ಅರಬ್ಬಿಯಲ್ಲಿ ಎಲ್ಲರೂ ಒಟ್ಟಿಗೆ ಹೇಳಿದರು. ಸಾಲಿಂ ತಲೆಯ ಕುಮ್ಮಾ ಟೋಪಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಮೊಣಕಾಲಿಗೆ ಕೈಯೂರಿ, ಲೋಟದ ಅಂಚಿಗೆ ಕಣ್ಣು ಸಮವಾಗುವ ಹಾಗೆ ಬಾಗಿದರು.

ಇಳಿದು ಹೋಗಲೇ ಎಂದು ಒಮ್ಮೆ ಅನ್ನಿಸಿತು. ಹೋಗಲಿಲ್ಲ. ಅಲ್ಲಿ ನನ್ನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಬಸ್ಸಿನ ಬಾಗಿಲು ತೆರೆದೇ ಇತ್ತು, ಎಂಜಿನ್ ಓಡುತ್ತಲೇ ಇತ್ತು, ಒಬ್ಬರಿಗೂ ಮನೆಗೆ ಹೋಗುವ ಅವಸರ ಇದ್ದ ಹಾಗೆ ಕಾಣಲಿಲ್ಲ.